ದುಂಡು ಚುಕ್ಕೆ

"ಎರಡು ಗೆರೆ ಯಾಕಮ್ಮ ಕಾಣ್ತಿದೆ? ಒಂದೇ ಅಂತ ನಾನು ಎಲ್ಲರಿಗೂ ಹೇಳಿ ಆಗಿದೆಯಲ್ಲ!" ಎಂದು ದುಂಡು ಸರ್ ಪರದೆಯ ಮೇಲೆ ರೇಗಿದರು.

ಅವರಿಗೆ ಆ ಹೆಸರು ಬಂದದ್ದು ಮೈಯಿಂದಲ್ಲ, ಮೈ ಕಡ್ಡಿಯಂತಿತ್ತು. ತಮ್ಮ ಪ್ರಯೋಗಾಲಯದಲ್ಲಿ ಬೆಳೆಸಿದ ಕ್ವಾಂಟಮ್ ಚುಕ್ಕೆಯಷ್ಟು ದುಂಡಗಿನದು ಜಗತ್ತಿನಲ್ಲೇ ಇಲ್ಲ ಎಂದು ಡಂಗುರ ಸಾರಿದವರು ಅವರು. ವಿಭಾಗದ ಬಾಗಿಲಿಗೆ ಅದೇ ಮಾತಿನ ಬ್ಯಾನರ್ ಕೂಡ ತೂಗುತ್ತಿತ್ತು, ಅಳೆಯುವ ಮೊದಲೇ ಬರೆಸಿದ್ದು.

ಕೂದಲೆಳೆಯನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲದ ಕೋಣೆ ಆ ಚುಕ್ಕೆ. ಅದರೊಳಗೆ ಸಂಸಾರ ಹೂಡುವವರು ಇಬ್ಬರು: ಒಂದು ಎಲೆಕ್ಟ್ರಾನು, ಇನ್ನೊಂದು ಅದು ಎದ್ದುಹೋದ ಮೇಲೆ ಉಳಿದ ಖಾಲಿ ಜಾಗ, ಅಂದರೆ ಹೋಲ್. ಖಾಲಿ ಜಾಗದ ಜೊತೆ ಎಂಥ ಸಂಸಾರ ಎಂದು ಕೇಳಬೇಡಿ. ಎಷ್ಟೋ ಮನೆಗಳಲ್ಲಿ ನಡೆಯುತ್ತಿಲ್ಲವೇ? ಇಬ್ಬರ ನಡುವೆ ಸದಾ ಕೊಡುಕೊಳ್ಳುವಿಕೆ. ಪಂಡಿತರು ಅದನ್ನು ವಿನಿಮಯ ಎನ್ನುತ್ತಾರೆ. ಕೋಣೆ ಪೂರ್ತಿ ದುಂಡಗಿದ್ದರೆ, ಎಲೆಕ್ಟ್ರಾನು ಮರಳಿ ತನ್ನ ಜಾಗಕ್ಕೆ ಬಿದ್ದಾಗ ಮಿಣುಕುವ ಬೆಳಕು ಪರದೆಯ ಮೇಲೆ ಒಂದೇ ಗೆರೆ. ಕೋಣೆ ಒಂದೆಳೆ ಉದ್ದವಾದರೂ ಸಾಕು, ಆ ವಿನಿಮಯದಲ್ಲೇ ಬಿರುಕು ಬಿದ್ದು ಗೆರೆ ಎರಡಾಗುತ್ತದೆ.

ಎರಡಾಗಿತ್ತು. ಐದು ವರ್ಷದಿಂದ ಸರ್ ಕೈಕೆಳಗೆ ಡಾಕ್ಟರೇಟ್‌ಗಾಗಿ ದುಡಿಯುತ್ತಿದ್ದ ಹುಡುಗಿ ಹದಿನೇಳು ಸಲ ಅಳೆದು ನೋಡಿದ್ದಳು.

"ಚುಕ್ಕೆ ಸ್ವಲ್ಪ ಉದ್ದಕ್ಕಿದೆ ಸರ್. ಪ್ರಬಂಧದಲ್ಲೂ ಹಾಗೇ ಬರ್ದಿದ್ದೀನಿ."

"ಉದ್ದ ಇರೋದು ಚುಕ್ಕೆ ಅಲ್ಲ, ನಿನ್ನ ನಾಲಿಗೆ." ಸರ್ ಯಂತ್ರದೊಳಗೆ ಬೆಳಕು ನುಗ್ಗುವ ಸೀಳಿನ ತಿರುಪು ಹಿಡಿದು ಸರ್ರನೆ ಅಗಲ ಮಾಡಿದರು. ಎರಡೂ ಗೆರೆಗಳು ಊದಿಕೊಂಡು, ಒಂದರೊಳಗೊಂದು ಕರಗಿ, ಒಂದೇ ದಪ್ಪ ಗೆರೆಯಾಗಿ ಕೂತವು. "ನೋಡು! ಅಷ್ಟು ಸಣ್ಣ ಕಿಂಡೀಲಿ ಇಣುಕಿದ್ರೆ ಯಾರ ಮನೇಲಿ ತಾನೇ ಜಗಳ ಕಾಣಲ್ಲ?"

ಆಮೇಲೆ ಬೆಳಕಿನ ದಾರಿಯಲ್ಲಿದ್ದ ಪೋಲರೈಸರ್ ಎಂಬ ಗಾಜನ್ನು ಹಿಡಿದಿದ್ದ ಲೋಹದ ಬಳೆಗೆ, ತಿರುಗದ ಹಾಗೆ, ಕಪ್ಪು ಟೇಪು ಸುತ್ತಿದರು. ಆ ಗಾಜು ತಿರುಗಿದರೆ ಒಂದು ಗೆರೆ ಮಂಕಾಗಿ ಇನ್ನೊಂದು ಬೆಳಗುತ್ತದೆ; ಗುಟ್ಟು ರಟ್ಟು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಜೀವ ಗಿಳಿಯಲ್ಲಿರುತ್ತಿತ್ತು. ಸರ್ ಜೀವ ಈಗ ಗೇಣುದ್ದ ಟೇಪಿನಲ್ಲಿದೆ ಎಂದು ಹುಡುಗಿ ಅಂದುಕೊಂಡಳು.

"ಮಧ್ಯಾಹ್ನ ಪರೀಕ್ಷಕರು ಬರ್ತಾರೆ. ಪ್ರಬಂಧಕ್ಕೆ ನನ್ನ ಸಹಿ ಬೇಕೋ ಬೇಡ್ವೋ, ನೀನೇ ಯೋಚ್ನೆ ಮಾಡು," ಎಂದು ಅವರು ಜೇಬಿನ ಪೆನ್ನು ತಟ್ಟಿಕೊಂಡರು.

ಬಂದ ಪರೀಕ್ಷಕಿ ವಯಸ್ಸಾದ ಹೆಂಗಸು. ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. ಸರ್ ಅರ್ಧ ಗಂಟೆ ದುಂಡುತನದ ಮಹಿಮೆ ಕೊರೆದು, ಕೊನೆಗೆ ಪರದೆಯತ್ತ ಕೈಚಾಚಿದರು. "ಒಂದೇ ಗೆರೆ ಮೇಡಂ! ವಿನಿಮಯ ಉಂಟು, ವಿರಸ ಇಲ್ಲ."

ಆಕೆ ಕನ್ನಡಕ ತೆಗೆದು ಒರೆಸುತ್ತ, ಬರಿಗಣ್ಣಲ್ಲೇ ನೋಡಿದರು. "ಹೌದು. ಕನ್ನಡಕ ತೆಗೆದ್ರೆ ನನಗೂ ಎಲ್ಲಾ ಒಂದೇ ಥರ ಕಾಣುತ್ತೆ." ಮತ್ತೆ ಏರಿಸಿಕೊಂಡು ಮೇಜಿನ ಮೇಲಿದ್ದ ಆ ಬಳೆಯತ್ತ ಬಗ್ಗಿದರು. "ಇದಕ್ಕೇನಮ್ಮಾ ಗಾಯ? ಪಟ್ಟಿ ಕಟ್ಟಿದ್ದೀರಲ್ಲ?"

ಹುಡುಗಿ ಸರ್ ಮುಖ ನೋಡಿದಳು. ಅವರ ಕೈ ಪೆನ್ನಿನ ಮೇಲೇ ಇತ್ತು. ಐದು ವರ್ಷ, ಒಂದು ಸಹಿ. ಉಗುರಿನಿಂದ ಟೇಪಿನ ತುದಿ ಕೆದಕಿದಳು. ಅದು ಪರ್ರೆಂದು ಕಿತ್ತುಬಂತು.

"ವಾಸಿಯಾಗಿದೆ ಮೇಡಂ."

"ಅದೆಲ್ಲ ಯಾಕೆ ಈಗ? ಒಂದೇ ಗೆರೆ ತಾನೇ ಮೇಡಂ? ಒಂದೇ ಅಲ್ವಾ?" ಎಂದು ಸರ್ ಅವಸರದಲ್ಲಿ ನಕ್ಕರು.

ಹುಡುಗಿ ಬಳೆಯನ್ನು ಮೆಲ್ಲಗೆ ತಿರುಗಿಸತೊಡಗಿದಳು. ಒಳಗೆ ಅಡಗಿದ್ದ ಎರಡು ಗೆರೆಗಳು ಸರದಿಯಂತೆ ಬೆಳಗಿ, ಪರದೆಯ ಮೇಲೆ ಆ ದಪ್ಪ ಗೆರೆ ಒಮ್ಮೆ ಎಡಕ್ಕೆ ಸರಿಯಿತು, ಒಮ್ಮೆ ಬಲಕ್ಕೆ ಸರಿಯಿತು, ಮತ್ತೆ ಎಡಕ್ಕೆ. ಸರ್ ಕೇಳಿದ್ದಕ್ಕೆಲ್ಲ ಅದು ಅಲ್ಲ, ಅಲ್ಲವೆಂದು ತಲೆಯಾಡಿಸುತ್ತಲೇ ಇತ್ತು.