ಎಳೆದಾಗೆಲ್ಲ ನಿಲ್ಲುವುದು

ಒದ್ದೆ ನಾರಿನ ಹಗ್ಗದ ವಾಸನೆ ಬಂದರೆ ಇವತ್ತಿಗೂ ನನಗೆ ಶಿರಾಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ನಾಯಿ ರಾಜು ಗೇಟು ದಾಟಿದ್ದೇ ತಡ, ಕತ್ತಿನ ಹಗ್ಗವನ್ನು ಹೈವೇ ಕಡೆಗೆ ಎಳೆದು ಚಿಕ್ಕಮ್ಮನ ಅಂಗೈ ತರಚುತ್ತಿತ್ತು. ಅವಳ ಮಾವ, ಅಂದರೆ ನನ್ನ ಅಜ್ಜ, ಉಪಾಯ ಹೇಳಿಕೊಟ್ಟ. "ಬೈಯೂದೂ ಬ್ಯಾಡ, ಹೊಡೆಯೂದೂ ಬ್ಯಾಡ. ಎಳೆದಾಗೆಲ್ಲ ಮಾತಾಡ್ದೆ ನಿಂತ್ಬಿಡು. ತಾನೇ ಬಿಡ್ತದೆ."

ತವರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಒಮ್ಮೆ ಕುಮಟೆಗೆ ಹೋಗಿಬರುತ್ತೇನೆ ಎಂದು ಚಿಕ್ಕಮ್ಮ ಕೇಳಿದಾಗಲೂ ಅಜ್ಜ ಬೈಯುತ್ತಿರಲಿಲ್ಲ. ಪೇಪರಿನಿಂದ ಕಣ್ಣೆತ್ತದೆ ಸುಮ್ಮನಿರುತ್ತಿದ್ದ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಿದ್ದಳು.

ಹದಿನೈದು ದಿನ ನಾವಿಬ್ಬರೂ ರಾಜುವಿನೊಂದಿಗೆ ಹೆಜ್ಜೆಗೊಮ್ಮೆ ನಿಂತು ನಡೆದೆವು. ಆ ಮಧ್ಯಾಹ್ನ ಹೈವೇ ಅಂಚಿಗೆ ಬಂದಾಗ ಕುಮಟೆ ಬಸ್ಸು ನಮ್ಮೆದುರೇ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಬರ್ತ್ರಾ ಅಕ್ಕಾ?" ಎಂದ.

ಚಿಕ್ಕಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಮತ್ತೆ ನಿಂತು, ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೋಯಿತು. ಅಷ್ಟು ಹೊತ್ತೂ ರಾಜು ಅವಳ ಕಾಲ ಬಳಿ ಸುಮ್ಮನೆ ಕುಳಿತಿತ್ತು.

"ಚಿಕ್ಕಮ್ಮಾ, ಎಳೀಲೇ ಇಲ್ಲ! ಕಲ್ತುಬಿಡ್ತು!" ಎಂದು ನಾನು ಕುಣಿದೆ.

ಚಿಕ್ಕಮ್ಮ ಅಲ್ಲೇ ಕೂತು ಅದರ ಕುತ್ತಿಗೆಯಲ್ಲಿ ಹಗ್ಗ ಉಜ್ಜಿ ರೋಮ ಉದುರಿದ ಜಾಗವನ್ನು ಸವರಿದಳು.

"ಹೌದು," ಎಂದಳು. "ಪಾಪ."