ಯಂಕಮ್ಮನ ಹೊಸ ನಾಟಕ

ಬಿಲ್ಕೀಸ್ ಬಾಯಿ ತಪ್ಪಿ ಹೇಳಿಬಿಟ್ಟಳು.

"ಅಕ್ಕಾ, ನಿಮ್ಮೆಜಮಾನ್ರು ತಗೊಂಡು ಹೋದ ಬಳೆ ಸರಿ ಆಯ್ತಾ? ಅಂಗಡೀಲಿ ಇರೋದ್ರಲ್ಲೇ ದೊಡ್ಡ ಸೈಜು ಬೇಕು ಅಂದ್ರು."

ಪುಲಿಕೇಶಿನಗರದ ಆ ಬಳೆ ಅಂಗಡಿಗೆ ದೊಡ್ಡಮುನಿಯಮ್ಮ ಹಳೇ ಗಿರಾಕಿ. ಹೆಸರಷ್ಟೇ ದೊಡ್ಡದು, ಅವಳ ಕೈ ತೀರಾ ಚಿಕ್ಕದು. ಆ ಅಳತೆಯ ಬಳೆ ಅವಳಿಗೆ ಹಾಕಿದರೆ ಮೊಣಕೈವರೆಗೆ ಜಾರುತ್ತದೆ. ಬಿಲ್ಕೀಸಿಗೂ ಇದು ಗೊತ್ತು. ಗೊತ್ತಿದ್ದೇ ಕೇಳಿದ್ದಳೋ ಏನೋ.

"ಸರಿಯಾಯ್ತು," ಎಂದು ದೊಡ್ಡಮುನಿಯಮ್ಮ ನಕ್ಕಳು. ಸೀದಾ ಹೊರಬಂದು ಆಟೊ ಹತ್ತಿದಳು.

ಆಟೊ ಕಗ್ಗದಾಸಪುರ ಮುಟ್ಟುವಷ್ಟರಲ್ಲಿ ಅವಳು ಒಂದಕ್ಕೊಂದು ಜೋಡಿಸಿ ಮುಗಿಸಿದ್ದಳು. ಗಂಡ ಮುನಿರಾಜಪ್ಪ, ಇಡೀ ಬೀದಿಗೆ ಹಿರಿಯ, ಬಾಡಿಗೆ ಮನೆಗಳ ಮಾಲೀಕ, ಈ ವಯಸ್ಸಿನಲ್ಲಿ ಮೀಸೆ ಬೋಳಿಸಿದ್ದಾನೆ. ಕೇಳಿದರೆ, ನಾಟಕದ ಮೇಕಪ್ಪಿಗೆ ಸ್ವಂತ ಮೀಸೆ ಅಡ್ಡ ಬರುತ್ತದೆ ಅನ್ನುತ್ತಾನೆ. ಅದನ್ನಾದರೂ ನಂಬಬಹುದು. ಆದರೆ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾನಲ್ಲ, ಅದು ಯಾವ ಮೇಕಪ್ಪು? ಹೆತ್ತ ತಾಯಿ ಸತ್ತಾಗಲೂ ಕಣ್ಣೀರು ಹಾಕದ ಮನುಷ್ಯ!

ಸಂಜೆಯಾದರೆ ಸ್ಕೂಟರ್ ಹತ್ತಿ ಕೆ.ಆರ್. ಪುರಕ್ಕೆ, ಯಂಕಮ್ಮನ ಬಾಡಿಗೆ ಕೋಣೆಗೆ ಹೊರಟುಬಿಡುತ್ತಾನೆ. ತಾಲೀಮಂತೆ.

ಯಂಕಮ್ಮ ಆ ಕಡೆಯ ನಾಟಕದವರಿಗೆಲ್ಲ ಗೊತ್ತಿದ್ದವಳು. ರಾಯಚೂರು ಸೀಮೆಯ ನಾಟಕ ಕಂಪನಿಯಲ್ಲಿ ಬಾಲನಟಿಯಾಗಿ ಶುರು ಮಾಡಿ, ಕಂಪನಿ ಮುಚ್ಚಿದ ಮೇಲೆ ಬೆಂಗಳೂರಿಗೆ ಬಂದಿದ್ದಳು. ಇಲ್ಲಿಯ ಹಳೇ ಊರುಗಳ ಗಂಡಸರು ವರ್ಷಕ್ಕೊಂದು ನಾಟಕ ಆಡುತ್ತಾರೆ. ರಾಜ, ಮಂತ್ರಿ, ಸೇನಾಪತಿಗಳನ್ನು ತಮ್ಮೊಳಗೇ ಹಂಚಿಕೊಂಡು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಟಿಯನ್ನು ಕರೆಸುತ್ತಾರೆ. ಕಗ್ಗದಾಸಪುರದವರು ಪ್ರತಿ ಸಲವೂ ಯಂಕಮ್ಮನನ್ನೇ ಕರೆಸುತ್ತಿದ್ದರು. ಪ್ರತಿ ಸಲವೂ ರಾಜ ಮುನಿರಾಜಪ್ಪನೇ. ಈ ಸಲ ನಾಟಕ ಬರೆದವಳೂ ಯಂಕಮ್ಮ. ಕ್ರೂರಿ ರಾಜ, ಅವನ ಕೈಯಲ್ಲಿ ನೊಂದ ರಾಣಿ, ಅಷ್ಟೇ ಕಥೆ.

ಮರುದಿನ ಮಧ್ಯಾಹ್ನ ಗಂಡ ಉಂಡು ಮಲಗಿದ್ದಾಗ ದೊಡ್ಡಮುನಿಯಮ್ಮ ಕೆ.ಆರ್. ಪುರದ ಆ ಕೋಣೆಯ ಬಾಗಿಲು ತಟ್ಟಿದಳು.

ಯಂಕಮ್ಮ ಎತ್ತರದ ಹೆಂಗಸು, ತುಂಬು ದನಿ. ಕೈಯಲ್ಲಿ ಒಂದೂ ಬಳೆಯಿರಲಿಲ್ಲ. ಎಲ್ಲೋ ಮುಚ್ಚಿಟ್ಟಿದ್ದಾಳೆ ಎಂದುಕೊಂಡಳು ದೊಡ್ಡಮುನಿಯಮ್ಮ.

"ಬರ್ರಿ ಅಕ್ಕಾರ, ಕುಂದರ್ರಿ. ನೀವು ಒಂದಿನ ಬರ್ತೀರಂತ ಗೊತ್ತಿತ್ತು."

"ನಮ್ಮೆಜಮಾನ್ರು ದಿನಾ ಇಲ್ಲಿಗೆ ಬರ್ತಾರಲ್ಲ, ಯಾಕೆ?"

"ಹೇಳಿಲ್ಲೇನ್ರಿ ಇನ್ನೂ? ಪಾಪ, ಬಾಳ ನಾಚ್ಕೋತಾರ. ಮನ್ಯಾಗ ಹೇಳಿಬಿಡ್ರಿ ಅಂತ ನಾ ಹೇಳಿ ಹೇಳಿ ಸಾಕಾದೆ. ಅವ್ಳಿಗೆ ಗೊತ್ತಾದ್ರ ನನ್ನ ಮರ್ಯಾದಿ ಹೋತು ಅಂತಾರ."

ಇಷ್ಟು ರಾಜಾರೋಷವಾಗಿ ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ?

ಯಂಕಮ್ಮ ಎಡಗೈ ಮುಂದೆ ಚಾಚಿದಳು. ಮಣಿಕಟ್ಟಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. "ಇದು ಹ್ವಾದ ವರ್ಷದ ರಾಜ ಮಾಡಿದ್ದು. ನಿಮ್ಮ ಊರ ಗಂಡಸ್ರಿಗೆ ಬಣ್ಣ ಹಚ್ಚಿದ್ರ ಸಾಕು, ಖರೇನ ಕೈ ತಿರುವಿ ಎಳೀತಾರ. ಜನ ಚಪ್ಪಾಳಿ ಹೊಡೀತಾರ. ಇಷ್ಟು ವರ್ಷ ತಡ್ಕೊಂಡೆ. ಈ ಸಲ ನನ್ನ ಮಾತು ನಡದ್ರಷ್ಟ ನಾಟಕ ಅಂದೆ. ಎಲ್ಲಾರೂ ಓಡಿ ಹ್ವಾದ್ರು. ನಿಮ್ಮೆಜಮಾನ್ರು ಒಬ್ರ ಒಪ್ಪಿದ್ರು. ಅಂಥಾ ಗಂಡಸು ಸಿಗೂದು ಕಷ್ಟ ರೀ."

ಬಯ್ಯಲೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ದೊಡ್ಡಮುನಿಯಮ್ಮನಿಗೆ ಅಳುವೇ ಬಂದುಬಿಟ್ಟಿತು. "ನಂಗೆ ನನ್ ಗಂಡ ಬೇಕು ಕಣಮ್ಮಾ," ಎಂದಳು.

"ಅಯ್ಯ, ನಾಟಕ ಮುಗದ ಮ್ಯಾಲೆ ಪೂರಾ ನಿಮಗ ರೀ," ಎಂದು ಯಂಕಮ್ಮ ನಕ್ಕಳು. "ಅಲ್ಲೀತನಕ ನನಗ ಬಿಡ್ರಿ."

ದೊಡ್ಡಮುನಿಯಮ್ಮ ಕಣ್ಣೊರೆಸಿಕೊಂಡು ಎದ್ದಳು. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಆದರೆ ತೀರ್ಮಾನವಾಗಿತ್ತು. ರಾಜ್ಯೋತ್ಸವದ ಸಂಜೆ ನಾಟಕ ಮುಗಿದ ಕೂಡಲೇ ಇಬ್ಬರನ್ನೂ ಇಡೀ ಊರಿನ ಎದುರು ನಿಲ್ಲಿಸಿ ಕೇಳುವುದು. ಆಮೇಲೆ ಬಟ್ಟೆಬರೆ ಕಟ್ಟಿಕೊಂಡು ತವರಿಗೆ ಹೊರಟುಬಿಡುವುದು. ಬ್ಯಾಗು ಆಗಲೇ ಸಿದ್ಧವಿತ್ತು.

ಆ ಸಂಜೆ ಬಡಾವಣೆಯ ಮೈದಾನ ತುಂಬಿತ್ತು. ಸಾಕ್ಷಿಗಿರಲಿ ಎಂದು ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಅವಳು ಮುಂದಿನ ಸಾಲಿನಲ್ಲೇ ಕೂತಳು.

ಪರದೆ ಸರಿಯಿತು. ಕಿರೀಟ, ಗಲ್ಲದವರೆಗೆ ತಿರುವಿದ ಮೀಸೆ, ಕೈಯಲ್ಲಿ ಕತ್ತಿ. ರಾಜ ಗುಡುಗಿದ ಹೊಡೆತಕ್ಕೆ ಮೈಕು ಕಿರುಚಿತು. ಜನ ಶಿಳ್ಳೆ ಹೊಡೆದರು. ಬೇಡವೆಂದರೂ ದೊಡ್ಡಮುನಿಯಮ್ಮನ ಎದೆ ಉಬ್ಬಿತು. ಯಾವ ವರ್ಷವೂ ರಾಜ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಆಮೇಲೆ ರಾಣಿ ಬಂದಳು. ಮುಖ ಮುಚ್ಚುವಷ್ಟು ಸೆರಗು ಹೊದ್ದು, ತಲೆ ತಗ್ಗಿಸಿ, ಬಿಕ್ಕುತ್ತಾ. ಉಟ್ಟಿದ್ದು ದೊಡ್ಡಮುನಿಯಮ್ಮನದೇ ಕೆಂಪು ರೇಷ್ಮೆ ಸೀರೆ! ಬೀರುವಿನಿಂದ ಇದನ್ನೂ ಕದ್ದು ಕೊಟ್ಟಿದ್ದಾನೆ!

ಅಷ್ಟರಲ್ಲಿ ರಾಜ ರಾಣಿಯ ಕೈ ಹಿಡಿದು ತಿರುವಿದ. ರಂಗದ ಈ ತುದಿಯಿಂದ ಆ ತುದಿಗೆ ದರದರನೆ ಎಳೆದ.

ದೊಡ್ಡಮುನಿಯಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಳು. "ಎಳೀರೀ! ಇನ್ನೂ ಜೋರಾಗಿ ಎಳೀರೀ! ಬಿಡ್ಬೇಡಿ ಅವ್ಳನ್ನ!"

ಮೈದಾನವೆಲ್ಲ ಚಪ್ಪಾಳೆ. ಹುರುಪಿಗೆ ಬಿದ್ದ ರಾಜ ಮತ್ತೊಂದು ಸುತ್ತು ತಿರುವಿದ.

ರಾಣಿ ಸೆರಗು ಸರಿಸಿ, ನೋವಿನಿಂದ ಕಿವುಚಿದ ಮುಖವನ್ನು ಮುಂದಿನ ಸಾಲಿನತ್ತ ತಿರುಗಿಸಿ, ದೊಡ್ಡಮುನಿಯಮ್ಮ ದಿನವೂ ಕೇಳುವ ಗೊಗ್ಗರು ದನಿಯಲ್ಲಿ ಹೇಳಿದಳು: "ಸುಮ್ನೆ ಕೂತ್ಕೊಳ್ಳೇ ಮಾರಾಯ್ತಿ, ಈ ಯಂಕಮ್ಮ ನಿಜವಾಗ್ಲೂ ಎಳೀತಾವ್ಳೆ!"