ಫೇಲ್ ಆದ ಬೋರು

“ಅಣ್ಣ, ಇಸ್ಕೂಲ್ ಇಂದ್ಗಡೆ ಚಪ್ಪಡಿ ಎಳ್ದಿದ್ದಲ್ಲ, ಆ ಬೋರು ಎಲ್ಲದೆ? ಮರ್ಳು ಮುಚ್ಕಂಡು ಗುರ್ತೇ ಸಿಕ್ತಿಲ್ಲ.”

ಫೋನಿನಲ್ಲಿ ಇದ್ರಿಸನ ದನಿ ಕೇಳಿ ಮಹದೇವು ಊಟದ ತಟ್ಟೆ ಬಿಟ್ಟು ಎದ್ದ. ಹನೂರಿನ ಮಹದೇವು ರಿಗ್ ಲಾರಿಯ ಕೆಲಸಕ್ಕೆಂದು ಸುಡಾನಿಗೆ ಹೋಗಿ ಮೂರು ವರ್ಷ ಬೋರು ಕೊರೆದು ಬಂದವನು. ಅಲ್ಲಿ ಅವನ ಕೈಯಾಳು ಇದ್ರಿಸ್. ಕಂಪ್ರೆಸರಿನ ಗದ್ದಲದಲ್ಲೇ ಹನೂರಿನ ಕನ್ನಡ ಕಲಿತು, ಕಲಿಸಿದವನಿಗಿಂತ ಚೆನ್ನಾಗಿ ಬೈಯುತ್ತಿದ್ದ. ಈಗ ಆ ದೇಶದವರೇ ಎರಡು ಪಡೆಯಾಗಿ ಕಾದಾಡುತ್ತಿದ್ದರು. ಇದ್ರಿಸನ ಊರು ಒಂದು ರಾಜ್ಯದ ರಾಜಧಾನಿ. ಅದನ್ನು ಹಿಡಿದೇ ತೀರಬೇಕೆಂದು ಒಂದು ಪಡೆ ವರ್ಷದಿಂದ ಮುತ್ತಿಗೆ ಹಾಕಿ ಕೂತಿತ್ತು. ಪಂಪ್‌ಹೌಸಿಗೆ ಶೆಲ್ ಬಿದ್ದು ನಾಲ್ಕು ದಿನ. ಶಾಲೆಯಲ್ಲಿ ಅಡಗಿದ್ದ ನೂರಾರು ಜನಕ್ಕೆ ಕುಡಿಯಲು ನೀರಿರಲಿಲ್ಲ.

“ಗೋಡೆಯಿಂದ ಮೂಡ್ಲಾಗಿ ಇಪ್ಪತ್ತು ಎಜ್ಜೆ ಆಕು, ಚಪ್ಪಡಿ ಸಿಕ್ತದೆ. ಸಣ್ಣ ಪೈಪ್‌ಗೆ ತಳ ಕಟ್ಟಿ, ಬಿಂದ್ಗೆ ತರ ಅಗ್ಗದಲ್ಲಿ ಇಳ್ಸು. ನೂರಡಿಗೆ ನೀರದೆ ಕಣ್ಲಾ.”

“ಫೇಲು ಅಂದಿದ್ದಲ್ಲಣ್ಣ?”

ಹನೂರಿನಲ್ಲಿ ಒಂದಿಂಚು ನೀರು ಬಂದ ಬೋರು ಫೇಲ್. ಅರಿಸಿನಕ್ಕೂ ಸಾಲದು, ಮುಸುಕಿನ ಜೋಳಕ್ಕೂ ಸಾಲದು. ಊರು ಬಿಟ್ಟರೂ ಊರಿನ ಅಳತೆ ಬಿಡದೆ, ಇದ್ರಿಸನ ಊರಿನಲ್ಲೂ ಅವನು ಒಂದಿಂಚಿನ ಐದು ಬೋರುಗಳಿಗೆ ಫೇಲ್ ಎಂದು ಚಪ್ಪಡಿ ಮುಚ್ಚಿ ಬಂದಿದ್ದ. ಜನ ಕುಡಿಯಲು ಕೇಳಿದ್ದರು, ಇವನು ಹೊಲ ನೆನೆಯುವಷ್ಟು ಹುಡುಕಿದ್ದ. ಫೋನಿಟ್ಟ ಮೇಲೆ ಅವನು ಬಿಟ್ಟ ತಟ್ಟೆಗೆ ಮರಳಲಿಲ್ಲ.

ಸಂಜೆ ಇದ್ರಿಸ್ ಮತ್ತೆ ಫೋನು ಮಾಡಿದ. ನೀರು ಸಿಕ್ಕಿತ್ತು, ಮಕ್ಕಳು ಕುಡಿದಿದ್ದವು. ಹೆಂಡತಿ ದೇವಮ್ಮ ಗಂಡನ ಮುಖ ನೋಡಿ, “ಮುಚ್ಚಿದ್ದೇ ಒಳ್ಳೇದಾಯ್ತು ಬುಡಿ. ತೆರ್ದಿದ್ರೆ ಅದ್ನೂ ಒಡ್ದಾಕಿರೋರು” ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದೆಂದು ಗೊತ್ತಿದ್ದರೂ ಅವನು ಆ ರಾತ್ರಿ ಹೊಟ್ಟೆ ತುಂಬ ಉಂಡ.

ವಾರ ಕಳೆಯುವುದರಲ್ಲಿ ಊರು ಮುತ್ತಿಗೆ ಹಾಕಿದವರ ಕೈಗೆ ಬಿತ್ತು. ಸುದ್ದಿಯಲ್ಲಿ ಎರಡು ಸಾಲು ಬಂದು ಹೋಯಿತು. ಮೂರು ದಿನ ಇದ್ರಿಸನ ಫೋನು ಸತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅದೇ ನಂಬರಿನಿಂದ ಕರೆ ಬಂತು, ದನಿ ಮಾತ್ರ ಬೇರೆ. ಊರು ಹಿಡಿದವರ ಕಡೆಯವನು. ಕೊಲ್ಲಿ ದೇಶದ ದುಡಿಮೆಯಲ್ಲಿ ಕಲಿತದ್ದಿರಬೇಕು, ಮುರುಕು ಹಿಂದಿಯಲ್ಲಿ ಕೇಳಿದ.

“ನೀನೇ ಬೋರಿನವನಾ? ನಮ್ಮ ಪಡೆಗೆ ಈ ನೀರು ಸಾಲುತ್ತಿಲ್ಲ. ಇನ್ನೂ ನಾಲ್ಕು ಇವೆಯಂತೆ. ಎಲ್ಲಿ?”

“ಇದ್ರಿಸ್ ಎಲ್ಲಿದ್ದಾನೆ?”

“ಇದ್ದಾನೆ. ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದೇವೆ. ಅವನಿಗೆ ಜಾಗ ಗೊತ್ತಿಲ್ಲವಂತೆ. ನೀನು ಹೇಳು, ಆಮೇಲೆ ಅವನನ್ನು ನೋಡಿಕೊಳ್ಳುತ್ತೇವೆ.”

ಮಹದೇವು ಫೋನಿಗೆ ಅಂಗೈ ಅಡ್ಡ ಹಿಡಿದು ಹೆಂಡತಿಗೆ ವಿಷಯ ಹೇಳಿದ. ದೇವಮ್ಮ ಸೋಸುತ್ತಿದ್ದ ಸೊಪ್ಪು ಬಿಟ್ಟು ಹತ್ತಿರ ಬಂದಳು.

“ನೀವು ಯೋಳ್ಬುಟ್ರೆ ಅವ್ನಿಂದ ಅವ್ರಿಗೇನ್ ಕೆಲ್ಸ?” ಎಂದಳು ಮೆಲ್ಲಗೆ.

ನಾಲ್ಕು ಜಾಗವೂ ಮಹದೇವುವಿಗೆ ಅಂಗೈ ಗೆರೆಯಷ್ಟು ಪರಿಚಯ. ಮೂರು ವರ್ಷ ಕಂಪನಿಯವರೊಂದಿಗೆ ಹಿಂದಿಯಲ್ಲೇ ವ್ಯವಹರಿಸಿದವನಿಗೆ ಆ ಭಾಷೆಯೂ ಸಲೀಸು. ಆದರೂ ಬೇಕೆಂದೇ ತಡವರಿಸುತ್ತ, ಒಂದೊಂದೇ ಹಿಂದಿ ಪದ ಹೆಕ್ಕಿ ಹೇಳಿದ.

“ನಾಲ್ಕೂ ಗೊತ್ತು ಸಾಬ್. ಆದರೆ ನೆಲದ ಗುರುತನ್ನೆಲ್ಲ ನನಗೆ ಕನ್ನಡದಲ್ಲಿ ಮಾತ್ರ ಹೇಳಲು ಬರುವುದು. ಆ ಊರಿನಲ್ಲಿ ಕನ್ನಡ ಬಲ್ಲವನು ಇದ್ರಿಸ್ ಒಬ್ಬನೇ. ಅವನನ್ನು ಈ ಕಡೆ ತಿರುಗಿಸಿ, ಫೋನು ಕೊಡಿ.”